ಖಂದಕ್ಕಿನ ಹಾಡಿನಿಂದ ರಾಜಾಜಿನಗರದವರೆಗೆ: ಶಾಂತಿ ಮತ್ತು ಸ್ವಾತಂತ್ರ್ಯದ ಗೀತೆಗಳು

ಆಗಸ್ಟ್ ತಿಂಗಳು ಬಂತೆಂದರೆ, ವಿಜಯನಗರದ ಆಸುಪಾಸಿನಲ್ಲಿ ನಾನು ಪಾಠ ಹೇಳುವ ಸಂಜೆಯ ಮದ್ರಸದಲ್ಲಿ ಮಕ್ಕಳ ಗಮನ ಅರ್ಧ ಪಾಠದ ಕಡೆಗೂ ಅರ್ಧ ಹಾಡಿನ ಕಡೆಗೂ ಇರುತ್ತದೆ. ಶಾಲೆಯಲ್ಲಿ ಕಲಿತ ಸ್ವಾತಂತ್ರ್ಯ ದಿನಾಚರಣೆಯ ಗೀತೆಗಳನ್ನು ಅವರು ಮೆಟ್ಟಿಲ ಬಳಿ ಚಪ್ಪಲಿ ಕಳಚುವಾಗಲೂ ಗುನುಗುತ್ತಿರುತ್ತಾರೆ. ಕಳೆದ ವರ್ಷ ಹುಡುಗನೊಬ್ಬ ಪಾಠದ ನಡುವೆ ಎದ್ದು ನಿಂತು ಕೇಳಿದ: “ಹಜರತ್, ನಮ್ಮ ಶಾಲೆಯ ಹಾಡಿನ ಸ್ಪರ್ಧೆಗೆ ಶಾಂತಿ ಮತ್ತು ಸ್ವಾತಂತ್ರ್ಯ ಅಂತ ವಿಷಯ ಕೊಟ್ಟಿದ್ದಾರೆ. ಸ್ವಾತಂತ್ರ್ಯ ಬೇಕು ಅಂದ್ರೆ ಹೋರಾಡಬೇಕು. ಶಾಂತಿ ಅಂದ್ರೆ ಸುಮ್ಮನಿರಬೇಕು. ಎರಡೂ ಒಂದೇ ಹಾಡಲ್ಲಿ ಹೇಗೆ ಬರುತ್ತೆ?” ಅವನ ಹಿಂದೆ ಕುಳಿತಿದ್ದ ಹುಡುಗಿ ಮೆಲ್ಲಗೆ ಇನ್ನೊಂದು ಪ್ರಶ್ನೆ ಸೇರಿಸಿದಳು: “ನಮ್ಮವರು ಬರೆದ ಹಾಡು ಇದೆಯಾ ಹಜರತ್?”

ಅಂದು ಸಮಯದ ಅಭಾವದಿಂದ ನಾಲ್ಕು ಮಾತು ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಎರಡು ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ಮೊದಲನೆಯದು ಅರ್ಥದ ಪ್ರಶ್ನೆ. ಎರಡನೆಯದು ಪಾಲಿನ ಪ್ರಶ್ನೆ. ಈ ನಾಡಿನ ಹಾಡಿನಲ್ಲಿ ನಮ್ಮ ಪಾಲೆಷ್ಟು ಎಂಬುದು. ಈ ಲೇಖನ ಆ ಮಕ್ಕಳಿಗೂ ಅವರ ತಂದೆ ತಾಯಂದಿರಿಗೂ ನಾನು ಬಾಕಿ ಉಳಿಸಿಕೊಂಡ ಉತ್ತರ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಹಾಡು ಎಂದೊಡನೆ ನಮ್ಮಲ್ಲಿ ಕೆಲವರಿಗೆ ವಾದ್ಯಗಳ ಕುರಿತಾದ ಕರ್ಮಶಾಸ್ತ್ರದ ಚರ್ಚೆ ನೆನಪಾಗುತ್ತದೆ. ಆ ಚರ್ಚೆಗೆ ಅದರದೇ ಸ್ಥಾನವಿದೆ. ಅದು ಇಲ್ಲಿನ ವಿಷಯವಲ್ಲ. ಇಲ್ಲಿ ನಾನು ಹೇಳುತ್ತಿರುವುದು ಪದಗಳ ಬಗ್ಗೆ, ಅಂದರೆ ಕಷ್ಟದಲ್ಲಿರುವ ಒಂದು ಸಮುದಾಯ ತನ್ನ ಹಂಬಲವನ್ನು ಯಾವ ಮಾತುಗಳಲ್ಲಿ ಹೇಳಿಕೊಂಡಿತು ಎಂಬುದರ ಬಗ್ಗೆ. ಪವಿತ್ರ ಕುರ್‌ಆನಿನ ಅಶ್ಶುಅರಾ ಅಧ್ಯಾಯದ ಕೊನೆಯ ಸೂಕ್ತಗಳು ದಾರಿ ತಪ್ಪಿದ ಕವಿಗಳನ್ನು ಟೀಕಿಸುತ್ತವೆ. ಆದರೆ ಅಲ್ಲಿಯೇ ಒಂದು ವಿನಾಯಿತಿಯೂ ಇದೆ: ವಿಶ್ವಾಸವಿರಿಸಿ, ಸತ್ಕರ್ಮವೆಸಗಿ, ಅಲ್ಲಾಹನನ್ನು ಸ್ಮರಿಸುತ್ತಾ, ತಮ್ಮ ಮೇಲೆ ಅನ್ಯಾಯವಾದ ಬಳಿಕ ಅದಕ್ಕೆ ಎದುರಾಡಿದವರು ಆ ಟೀಕೆಗೆ ಒಳಪಡುವುದಿಲ್ಲ. ದಬ್ಬಾಳಿಕೆಗೆ ಗುರಿಯಾದವನ ಮಾತಿಗೆ ಗ್ರಂಥದಲ್ಲಿಯೇ ಜಾಗವಿದೆ ಎಂಬುದನ್ನು ನಾವು ಗಮನಿಸಬೇಕು.

ಪ್ರವಾದಿ(ಸ)ಯವರ ಕಾಲದ ಮೂರು ಸಂದರ್ಭಗಳನ್ನು ನೋಡೋಣ.

ಹಿಜ್‌ರತ್‌ನ ಬಳಿಕ ಮದೀನಾ ತಲುಪಿದ ಅನೇಕ ಸಹಾಬಿಗಳು ಅಲ್ಲಿನ ಜ್ವರಕ್ಕೆ ತುತ್ತಾದರು. ಹಝ್ರತ್ ಬಿಲಾಲ್(ರ) ಅವರಲ್ಲೊಬ್ಬರು. ಮಕ್ಕಾದಲ್ಲಿ ಕಾದ ಮರಳಿನ ಮೇಲೆ ಎದೆಗೆ ಬಂಡೆ ಹೇರಿಸಿಕೊಂಡ ಮನುಷ್ಯ ಅವರು. ಆ ಊರು ಅವರಿಗೆ ಗುಲಾಮಗಿರಿಯನ್ನಲ್ಲದೆ ಬೇರೇನನ್ನೂ ಕೊಟ್ಟಿರಲಿಲ್ಲ. ಆದರೂ ಜ್ವರ ಇಳಿದಾಗ ಅವರು ಮಕ್ಕಾದ ಕಣಿವೆಯ ಹುಲ್ಲನ್ನೂ ನೀರಿನ ಸೆಲೆಯನ್ನೂ ಬೆಟ್ಟಗಳನ್ನೂ ಮತ್ತೆ ಕಾಣುವೆನೇ ಎಂದು ಹಂಬಲಿಸುವ ಪದ್ಯವನ್ನು ಗಟ್ಟಿಯಾಗಿ ಹೇಳುತ್ತಿದ್ದರೆಂದು ಹಝ್ರತ್ ಆಯಿಶಾ(ರ)ರವರ ವರದಿಯು ಸಹೀಹುಲ್ ಬುಖಾರಿಯಲ್ಲಿದೆ. ಇದನ್ನು ಕೇಳಿದ ಪ್ರವಾದಿ(ಸ)ಯವರು ಗದರಲಿಲ್ಲ. ಮಕ್ಕಾದಂತೆಯೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಮದೀನಾವನ್ನೂ ನಮಗೆ ಪ್ರಿಯವಾಗಿಸು ಎಂದು ಪ್ರಾರ್ಥಿಸಿದರು. ಹುಟ್ಟಿದ ಮಣ್ಣಿನ ಪ್ರೀತಿಗೂ ಇರುವ ಮಣ್ಣಿನ ಪ್ರೀತಿಗೂ ಒಂದೇ ದುಆದಲ್ಲಿ ಅವರು ಜಾಗ ಕೊಟ್ಟರು.

ಎರಡನೆಯದು ಹಿಜರಿ 5ರ ಖಂದಕ್ ಯುದ್ಧ. ಮದೀನಾವನ್ನು ಮುತ್ತಲು ದೊಡ್ಡ ಸೇನೆ ಬರುತ್ತಿತ್ತು. ಚಳಿ, ಹಸಿವು, ಭೀತಿಗಳ ನಡುವೆ ಸಹಾಬಿಗಳು ಕಂದಕ ತೋಡುತ್ತಿದ್ದರು. ಪ್ರವಾದಿ(ಸ)ಯವರು ಸ್ವತಃ ಮಣ್ಣು ಹೊರುತ್ತಿದ್ದರು. ಧೂಳು ಅವರ ಹೊಟ್ಟೆಯನ್ನು ಮುಚ್ಚಿತ್ತು. ಆಗ ಅವರ ನಾಲಗೆಯಲ್ಲಿದ್ದದ್ದು ಅಬ್ದುಲ್ಲಾ ಇಬ್ನ್ ರವಾಹಾ(ರ)ರವರ ಪದ್ಯ. ದಾಳಿಯನ್ನು ಎದುರಿಸುವ ಆ ಹಾಡಿನಲ್ಲಿ ಅವರು ಅಲ್ಲಾಹನಲ್ಲಿ ಬೇಡುವುದು ಸಕೀನತ್ ಅನ್ನು, ಅಂದರೆ ಮನಸ್ಸಿನ ಶಾಂತಿಯನ್ನು. ಜೊತೆಗೆ ಪಾದಗಳು ಕದಲದಿರಲಿ ಎಂಬ ಬೇಡಿಕೆಯೂ ಇದೆ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿಯೇ ಸಿಗುತ್ತದೆ. ಶಾಂತಿ ಎಂದರೆ ಸುಮ್ಮನೆ ಕೂರುವುದಲ್ಲ. ಗುದ್ದಲಿ ಹಿಡಿದು ಬೆವರು ಸುರಿಸುವವನ ಎದೆಯೊಳಗೂ ಅದು ಇರಬಲ್ಲದು, ಇರಬೇಕು.

ಮೂರನೆಯದು ಹಿಜರಿ 8ರ ಮಕ್ಕಾ ವಿಜಯದ ದಿನ. ಅನ್ಸಾರ್‌ಗಳ ಧ್ವಜ ಹಿಡಿದಿದ್ದ ಸಅದ್ ಇಬ್ನ್ ಉಬಾದಾ(ರ)ರವರು ಉತ್ಸಾಹದಲ್ಲಿ ಇದು ಕದನದ ದಿನ, ಇಂದು ಕಅಬಾದ ಪಾವಿತ್ರ್ಯವೂ ಅಡ್ಡಬಾರದು ಎಂಬರ್ಥದ ಘೋಷಣೆ ಕೂಗಿದರು. ಪ್ರವಾದಿ(ಸ)ಯವರ ಕಿವಿಗೆ ಅದು ಬಿದ್ದಾಗ, ಸಅದ್ ತಪ್ಪು ನುಡಿದರು, ಇದು ಕಅಬಾವನ್ನು ಅಲ್ಲಾಹನು ಗೌರವಿಸುವ ದಿನ ಎಂದು ತಿದ್ದಿದರು. ಧ್ವಜವನ್ನು ಅವರ ಕೈಯಿಂದ ತೆಗೆದು ಅವರ ಮಗನಿಗೆ ಕೊಡಲಾಯಿತೆಂದು ಚರಿತ್ರಕಾರರು ಬರೆಯುತ್ತಾರೆ. ತಮ್ಮನ್ನು ಊರಿನಿಂದ ಓಡಿಸಿದವರ ಊರಿಗೆ ಗೆದ್ದು ಮರಳುವ ಆ ಗಳಿಗೆಯಲ್ಲಿಯೂ ಒಂದು ಘೋಷಣೆಯ ಸಾಲನ್ನು ತಿದ್ದಲು ಪ್ರವಾದಿ(ಸ)ಯವರು ನಿಂತರು. ಬಿಡುಗಡೆಯ ಹಾಡು ಪ್ರತೀಕಾರದ ಹಾಡಾಗಲು ಒಂದೇ ಸಾಲು ಸಾಕು ಎಂಬುದು ಅವರಿಗೆ ತಿಳಿದಿತ್ತು.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಈಗ ನಮ್ಮ ನಾಡಿಗೆ ಬರೋಣ.

ಕೆಂಗೇರಿಯಿಂದಲೋ ವಿಜಯನಗರದಿಂದಲೋ ಮೆಟ್ರೊ ಹತ್ತಿ ಮೆಜೆಸ್ಟಿಕ್ ಕಡೆಗೆ ಹೊರಟರೆ, ರೈಲ್ವೆ ನಿಲ್ದಾಣದ ಬಳಿ ಒಂದು ಹೆಸರನ್ನು ಕೇಳುತ್ತೇವೆ: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಕಿತ್ತೂರಿನ ಈ ವೀರನನ್ನು ಬ್ರಿಟಿಷರು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಆ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದ್ದು ಲಾವಣಿಕಾರರು. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯ್ದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಹಲವರನ್ನು ನೇಣಿಗೇರಿಸಿತು. ಶಾಲೆಯ ಕನ್ನಡ ಪಠ್ಯದಲ್ಲಿಯೂ ಸ್ಥಾನ ಪಡೆದ ಹಲಗಲಿಯ ಲಾವಣಿ ಹುಟ್ಟಿದ್ದು ಆ ಬೂದಿಯಿಂದ. ವಿಚಿತ್ರವೆಂದರೆ, ಇಂತಹ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. ಆಳುವವನ ಕಚೇರಿಯಲ್ಲಿ ಕುಳಿತವನಿಗೂ ಕಿವಿ ಮುಚ್ಚಿಕೊಳ್ಳಲಾಗದಷ್ಟು ಆ ಹಾಡುಗಳು ಜನರ ಬಾಯಲ್ಲಿದ್ದವು.

ಹಲಗಲಿ ಉರಿದಾಗ, ಅದೇ ಉತ್ತರ ಕರ್ನಾಟಕದ ಶಿಗ್ಗಾಂವಿ ಸೀಮೆಯ ಶಿಶುನಾಳದಲ್ಲಿ 38 ವರ್ಷದ ಒಬ್ಬ ಮುಸ್ಲಿಮ್ ಕವಿ ಇದ್ದರು. ಇಮಾಮ್ ಸಾಹೇಬ್ ಮತ್ತು ಹಜ್ಜೂಮಾ ದಂಪತಿಗಳ ಮಗನಾಗಿ 1819ರಲ್ಲಿ ಜನಿಸಿದ ಶರೀಫ್ ಸಾಹೇಬರು ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಆಡುಮಾತಿನ ಕನ್ನಡದಲ್ಲಿ ತತ್ವಪದಗಳನ್ನು ಹಾಡಿದರು, 1889ರಲ್ಲಿ ನಿಧನರಾದರು. ಅವರ ಎಲ್ಲ ನಡೆಗಳನ್ನೂ ನಮ್ಮ ಆಲಿಮರು ಒಪ್ಪುವುದಿಲ್ಲ; ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅವರು ಹಾಡಿದ ಬಿಡುಗಡೆ ಯಾವುದು ಎಂಬುದನ್ನು ನೋಡಬೇಕು. ಅದು ನಫ್ಸಿನಿಂದ, ಅಹಂಕಾರದಿಂದ, ಲೋಕದ ಮೋಹದಿಂದ ಬಿಡುಗಡೆ. ಹೊರಗಿನ ಒಡೆಯನನ್ನು ಓಡಿಸಿದವನು ಒಳಗಿನ ಒಡೆಯನಿಗೆ ಗುಲಾಮನಾಗಿ ಉಳಿದರೆ ಏನು ಲಾಭ ಎಂಬ ಪ್ರಶ್ನೆಯನ್ನು ಲಾವಣಿಗಳು ಕೇಳಲಿಲ್ಲ, ತತ್ವಪದಗಳು ಕೇಳಿದವು.

ಶರೀಫರು ಮೊಹರಮ್‌ನ ಪದಗಳನ್ನೂ ರಚಿಸಿದ್ದರು. ಧಾರವಾಡ, ಗದಗ, ಬಾಗಲಕೋಟೆ, ಕೊಪ್ಪಳ, ರಾಯಚೂರು ಸೀಮೆಗಳಲ್ಲಿ ಇಂದಿಗೂ ಹಾಡುವ ರಿವಾಯತ್ ಪದಗಳ ಪರಂಪರೆ ಅದು. ಹಿಜರಿ 61ರ ಮುಹರ್‍ರಮ್ 10ರಂದು ಕರ್ಬಲಾದಲ್ಲಿ ಹಝ್ರತ್ ಹುಸೈನ್(ರ) ಹುತಾತ್ಮರಾದ ಪ್ರಸಂಗವನ್ನು ಹಳ್ಳಿಯ ಜನ ಜಾತಿ ಮತವೆನ್ನದೆ ಕನ್ನಡದಲ್ಲಿ ಹಾಡುತ್ತಾರೆ. ಯೂಫ್ರಟಿಸ್ ನದಿಯ ನೀರು ಕಣ್ಣೆದುರು ಹರಿಯುತ್ತಿದ್ದರೂ ಮಕ್ಕಳಿಗೆ ಹನಿ ನೀರು ಸಿಗದ ಸಂಕಟ ಆ ಪದಗಳಲ್ಲಿ ನಮ್ಮ ಮಳೆಯಿಲ್ಲದ ಊರುಗಳ ಸಂಕಟದಂತೆಯೇ ಕೇಳಿಸುತ್ತದೆ. ಅನ್ಯಾಯದ ಆಡಳಿತಕ್ಕೆ ಕೈಕೊಡದೆ, ಅದರ ಬೆಲೆಯನ್ನು ತನ್ನ ಪ್ರಾಣದಿಂದಲೇ ತೆತ್ತವರ ಕಥೆ ಅದು.

ಇಲ್ಲಿ ನಾನು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಾನು ಬೆಳೆದದ್ದು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ನನ್ನ ನಾನಿ ಓದು ಬರಹ ಬಲ್ಲವರಲ್ಲ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಅವರು ಹುಸೈನರ ಪದ ಹಾಡುತ್ತಿದ್ದರು. ಜೋಳದ ಹಿಟ್ಟಿನ ಜೊತೆಗೆ ಆ ಕಥೆಯೂ ನಮ್ಮೊಳಗೆ ಇಳಿಯುತ್ತಿತ್ತು. ಮದ್ರಸದ ಓದು ಮುಗಿಸಿ ಊರಿಗೆ ಹೋದ ಹೊಸತರಲ್ಲಿ, ಹೊಸ ವಿದ್ಯೆಯ ಬಿಸಿಯಲ್ಲಿ, ಇವೆಲ್ಲ ಸರಿಯಲ್ಲ, ನಿಲ್ಲಿಸಿ ಎಂದು ನಾನು ಅವರಿಗೆ ಕಟುವಾಗಿ ಹೇಳಿದೆ. ನಾನಿ ವಾದ ಮಾಡಲಿಲ್ಲ. “ಹಂಗಾದ್ರ ಬಿಡ್ತೀನಪಾ, ನೀ ಕಲ್ತಾಂವ” ಎಂದಷ್ಟೇ ಅಂದರು. ಬಳಿಕ ಅವರು ಹಾಡಿದ್ದನ್ನು ನಾನು ಕೇಳಲಿಲ್ಲ. ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಬಿಎ ತರಗತಿಯಲ್ಲಿ ಜಾನಪದದ ಪಾಠ ಕೇಳುತ್ತಾ ಕುಳಿತಿದ್ದಾಗ, ನಾನು ಮುಚ್ಚಿಸಿದ್ದು ಏನನ್ನು ಎಂಬುದು ನನಗೆ ಅರ್ಥವಾಯಿತು. ಆ ಪದಗಳಲ್ಲಿ ಒಂದೂ ಈಗ ನನಗೆ ಪೂರ್ತಿಯಾಗಿ ನೆನಪಿಲ್ಲ.

ಪಂಜಾದ ಮುಂದಿನ ಆಚರಣೆಗಳ ಬಗ್ಗೆ ಆಲಿಮರು ಎತ್ತುವ ಆಕ್ಷೇಪವನ್ನು ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಆಚರಣೆ ಬೇರೆ, ನೊಂದವರ ಪರ ನಿಲ್ಲುವ ಪದ ಬೇರೆ. ಅವೆರಡನ್ನು ಬಿಡಿಸಿ ನೋಡುವ ತಾಳ್ಮೆ ಅಂದು ನನಗಿರಲಿಲ್ಲ. ಸಅದ್(ರ)ರವರ ಒಂದು ಸಾಲನ್ನು ತಿದ್ದಿದ ಪ್ರವಾದಿ(ಸ)ಯವರು, ಹಸ್ಸಾನ್ ಇಬ್ನ್ ಸಾಬಿತ್(ರ)ರವರಿಗೆ ಪದ್ಯ ಹೇಳಲು ಮಸೀದಿಯಲ್ಲಿಯೇ ಮಿಂಬರ್ ಇರಿಸಿ ಕೊಟ್ಟಿದ್ದರು. ತಿದ್ದುವುದಕ್ಕೂ ಬಾಯಿ ಮುಚ್ಚಿಸುವುದಕ್ಕೂ ಇರುವ ಅಂತರವನ್ನು ನಾನು ತಡವಾಗಿ ಕಲಿತೆ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ನಮ್ಮವರು ಬರೆದ ಹಾಡು ಇದೆಯೇ ಎಂಬ ಆ ಹುಡುಗಿಯ ಪ್ರಶ್ನೆಗೆ ಉತ್ತರಗಳು ಸಾಲುಗಟ್ಟಿ ನಿಲ್ಲುತ್ತವೆ. 1904ರಲ್ಲಿ ಲಾಹೋರಿನ ಯುವ ಉಪನ್ಯಾಸಕ ಮುಹಮ್ಮದ್ ಇಕ್ಬಾಲ್ ಬರೆದ ‘ತರಾನಾ-ಎ-ಹಿಂದಿ’ ಇಂದಿಗೂ ಶಾಲೆಗಳಲ್ಲಿ, ಸೇನೆಯ ವಾದ್ಯಗೋಷ್ಠಿಗಳಲ್ಲಿ ಜೀವಂತವಾಗಿದೆ. 1984ರಲ್ಲಿ ಬಾಹ್ಯಾಕಾಶದಲ್ಲಿದ್ದ ರಾಕೇಶ್ ಶರ್ಮಾರೊಂದಿಗೆ ಪ್ರಧಾನಿ ಇಂದಿರಾ ಗಾಂಧಿ ಮಾತನಾಡಿ, ಮೇಲಿನಿಂದ ಭಾರತ ಹೇಗೆ ಕಾಣುತ್ತಿದೆ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಇಕ್ಬಾಲರ ಆ ಗೀತೆಯ ಸಾಲೇ ಆಗಿತ್ತು. ಇಕ್ಬಾಲರ ವಿಚಾರಗಳು ಮುಂದೆ ಬೇರೆ ದಿಕ್ಕಿಗೆ ಹೊರಳಿದ್ದು ನಿಜ. ಆದರೆ ಹಾಡು ಒಮ್ಮೆ ಜನರ ಬಾಯಿಗೆ ಬಂದ ಮೇಲೆ ಕವಿಯ ಕೈಯಲ್ಲಿ ಉಳಿಯುವುದಿಲ್ಲ.

1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಜೊತೆಯಾಗಿ ಮಂಗಳೂರು, ಬೆಂಗಳೂರುಗಳಿಗೆ ಬಂದು ಖಿಲಾಫತ್ ಹಾಗೂ ಅಸಹಕಾರದ ಸಂದೇಶ ಸಾರಿದರು. ಮರುವರ್ಷ ಕರಾಚಿಯಲ್ಲಿ ಅಲಿ ಸಹೋದರರಿಗೆ ಶಿಕ್ಷೆಯಾದಾಗ, ಅವರ ತಾಯಿ ಬೀ ಅಮ್ಮಾ ಮಗನನ್ನು ಹುರಿದುಂಬಿಸುವಂತೆ ಕಟ್ಟಿದ ಉರ್ದು ಹಾಡೊಂದು ಬೀದಿಬೀದಿಗಳಲ್ಲಿ ಮೊಳಗಿತು. ಅದೇ 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದಲ್ಲಿ ಪೂರ್ಣ ಸ್ವಾತಂತ್ರ್ಯದ ಗೊತ್ತುವಳಿ ತಂದವರು ಗಝಲ್ ಕವಿ ಮೌಲಾನಾ ಹಸ್ರತ್ ಮೊಹಾನಿ. ಅಂದು ಅದು ಬಿದ್ದುಹೋಯಿತು. ಎಂಟು ವರ್ಷಗಳ ಬಳಿಕ ಲಾಹೋರಿನಲ್ಲಿ ಕಾಂಗ್ರೆಸ್ ಅದೇ ಬೇಡಿಕೆಯನ್ನು ತನ್ನದಾಗಿಸಿಕೊಂಡಿತು. ‘ಇನ್‌ಕಿಲಾಬ್ ಜಿಂದಾಬಾದ್’ ಎಂಬ ಘೋಷಣೆಯೂ ಈ ಮೌಲಾನಾರ ಕೊಡುಗೆ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅವರಿಗಿಂತ ಹಿಂದಿನ ವರ್ಷ ಕಾಕಿನಾಡದಲ್ಲಿ ಆ ಪೀಠದಲ್ಲಿದ್ದವರು ಮೌಲಾನಾ ಮುಹಮ್ಮದ್ ಅಲಿ. ಹುಯಿಲಗೋಳ ನಾರಾಯಣರಾಯರು ರಚಿಸಿದ ಕನ್ನಡ ನಾಡಿನ ಉದಯದ ಗೀತೆ ಬೆಳಗಾವಿಯ ಆ ಅಧಿವೇಶನದಲ್ಲಿ ಮೊಳಗಿತು. ದೇಶದ ಬಿಡುಗಡೆ ಮತ್ತು ನಾಡಿನ ಏಕೀಕರಣ ಎಂಬ ಎರಡು ಕನಸುಗಳು ಅಲ್ಲಿ ಒಂದೇ ಚಪ್ಪರದಡಿ ಸೇರಿದವು.

ಈಗ ನಮ್ಮ ಬಡಾವಣೆಗೇ ಮರಳೋಣ. ರಾಜಾಜಿನಗರಕ್ಕೆ ಹೋಗುವ ಬಸ್ಸಿನ ಫಲಕವನ್ನು ನಾವು ದಿನವೂ ಓದುತ್ತೇವೆ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು ಅವರು. ಶಾಂತಿ ಮತ್ತು ಸ್ವಾತಂತ್ರ್ಯ ಎಂಬ ಎರಡು ಪದಗಳು ಅವರ ಬಾಳಿನಲ್ಲಿ ಎರಡು ಹಾಡುಗಳಾಗಿ ಬಂದಿವೆ.

1930ರ ಏಪ್ರಿಲ್‌ನಲ್ಲಿ ರಾಜಾಜಿಯವರು ತಿರುಚಿರಾಪಳ್ಳಿಯಿಂದ ವೇದಾರಣ್ಯದ ಕಡಲ ತೀರಕ್ಕೆ ಉಪ್ಪಿನ ಸತ್ಯಾಗ್ರಹದ ನಡಿಗೆ ಹೊರಟರು. ಆ ನಡಿಗೆಗೆಂದು ನಾಮಕ್ಕಲ್ ರಾಮಲಿಂಗಂ ಪಿಳ್ಳೈ ಎಂಬ ತಮಿಳು ಕವಿ ಒಂದು ಹಾಡು ಬರೆದುಕೊಟ್ಟರು. ಆಯುಧವೂ ರಕ್ತಪಾತವೂ ಇಲ್ಲದ ವಿಚಿತ್ರ ಯುದ್ಧಕ್ಕೆ ಜನರನ್ನು ಕರೆಯುವ ಹಾಡದು. ಸತ್ಯಾಗ್ರಹಿಗಳು ಅದನ್ನು ಹಾಡುತ್ತಾ ಬಿಸಿಲಿನಲ್ಲಿ ನಡೆದು ಜೈಲು ಸೇರಿದರು. ಹೋರಾಟವನ್ನೂ ಶಾಂತಿಯನ್ನೂ ಒಂದೇ ಹಾಡಿನಲ್ಲಿ ಹೇಗೆ ಹೇಳುವುದೆಂದು ಕೇಳಿದ ನನ್ನ ವಿದ್ಯಾರ್ಥಿಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು.

ಎರಡನೆಯ ಹಾಡನ್ನು ರಾಜಾಜಿಯವರೇ ಬರೆದರು. ಅಣ್ವಸ್ತ್ರ ಪರೀಕ್ಷೆಗಳ ವಿರುದ್ಧ ಅವರು ವೃದ್ಧಾಪ್ಯದಲ್ಲಿಯೂ ದನಿಯೆತ್ತಿದ್ದರು. 1962ರಲ್ಲಿ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನಡಿಯವರನ್ನು ಕಂಡು ಈ ಬಗ್ಗೆ ಮಾತನಾಡಿದ್ದರು. 1966ರ ಅಕ್ಟೋಬರಿನಲ್ಲಿ ಮಧುರೈಯ ಎಂ. ಎಸ್. ಸುಬ್ಬುಲಕ್ಷ್ಮಿಯವರು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಹಾಡಲು ಹೊರಟಾಗ, ರಾಜಾಜಿಯವರು ಇಂಗ್ಲಿಷಿನಲ್ಲಿ ಒಂದು ಪ್ರಾರ್ಥನೆ ರಚಿಸಿ ಕೊಟ್ಟರು. ಮನುಷ್ಯರ ತಪ್ಪುಗಳಿಗೆ ದೇವನಲ್ಲಿ ಕ್ಷಮೆ ಬೇಡಿ, ರಾಷ್ಟ್ರಗಳು ಭಯದಿಂದ ಮುಕ್ತವಾಗಲೆಂದು ಕೋರುವ ಆ ಪ್ರಾರ್ಥನೆ ಜಗತ್ತಿನ ಪ್ರತಿನಿಧಿಗಳ ಮುಂದೆ ಮೊಳಗಿತು. ಸ್ವಾತಂತ್ರ್ಯಕ್ಕಾಗಿ ಹಾಡುತ್ತಾ ನಡೆದ ಮನುಷ್ಯ, ಅದು ಸಿಕ್ಕ ಬಳಿಕ ಅಧಿಕಾರದ ಹೊಗಳಿಕೆಯ ಹಾಡು ಬರೆಯಲಿಲ್ಲ. ಕ್ಷಮೆಯ ಹಾಡು ಬರೆದರು. ಮಕ್ಕಾ ವಿಜಯದ ದಿನವನ್ನು ಓದಿದವರಿಗೆ ಈ ನಡೆ ಅಪರಿಚಿತವೆನಿಸದು.

ಕೊನೆಯದಾಗಿ ನಮ್ಮದೇ ಕಾಲದ ಒಬ್ಬ ಕವಿ. 1936ರ ಫೆಬ್ರವರಿ 5ರಂದು, ಟಿಪ್ಪು ಸುಲ್ತಾನರು ಜನಿಸಿದ ಅದೇ ದೇವನಹಳ್ಳಿಯಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಹೊರಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ಆ ಗೀತೆಯಿಲ್ಲದೆ ನವೆಂಬರ್ ತಿಂಗಳು ಕಳೆಯುವ ಶಾಲೆ ನಮ್ಮ ಬಡಾವಣೆಗಳಲ್ಲಿ ಇರಲಾರದು. ಆದರೆ ಆ ಸಂಭ್ರಮದ ಕವಿಯೇ, ಜೊತೆಯಲ್ಲಿದ್ದೂ ಬೇರೆಯಾಗಿ ಕಾಣಲ್ಪಡುವವನ ನೋವನ್ನು ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವನದಲ್ಲಿ ಬರೆದಿದ್ದಾರೆ. ನಮ್ಮ ಮಕ್ಕಳು ಎರಡನ್ನೂ ಓದಬೇಕೆಂಬುದು ನನ್ನ ಆಸೆ. ಮೊದಲನೆಯದನ್ನು ಮಾತ್ರ ಓದಿದರೆ ನೋವನ್ನು ಮುಚ್ಚಿಟ್ಟಂತಾಗುತ್ತದೆ. ಎರಡನೆಯದನ್ನು ಮಾತ್ರ ಓದಿದರೆ ಮನೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಂತಾಗುತ್ತದೆ. 2006ರಲ್ಲಿ ಅವರು ಶಿವಮೊಗ್ಗದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. 2020ರ ಮೇ 3ರಂದು, ರಮಝಾನ್ ತಿಂಗಳಿನಲ್ಲಿ, ಲಾಕ್‌ಡೌನ್‌ನ ಮೌನದ ನಡುವೆ ಅವರು ನಮ್ಮನ್ನಗಲಿದರು. ಅಂದು ಜನ ಸೇರುವಂತಿರಲಿಲ್ಲ. ಮನೆಮನೆಗಳಲ್ಲಿ ಅವರ ಹಾಡು ಕೇಳಿಸುತ್ತಿತ್ತು.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ನನಗೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ನ್ಯಾಯವಿಲ್ಲದ ಶಾಂತಿಯ ಹಾಡು ಬರೀ ಜೋಗುಳ. ಕ್ಷಮೆಯಿಲ್ಲದ ಸ್ವಾತಂತ್ರ್ಯದ ಹಾಡು ಬರೀ ಕೂಗು. ಉಳಿದು ಬಂದ ಹಾಡುಗಳಲ್ಲಿ ಇವೆರಡೂ ಒಂದಕ್ಕೊಂದು ಹೆಗಲು ಕೊಟ್ಟಿವೆ. ಎರಡು, ನಾವು ಈ ಗೀತೆಗಳನ್ನು ಹಾಡುವುದು ಯಾರಿಗೂ ಏನನ್ನೂ ಸಾಬೀತುಪಡಿಸಲಿಕ್ಕಲ್ಲ. ಸಾಬೀತುಪಡಿಸಲೆಂದು ಹಾಡುವವನ ದನಿಯಲ್ಲಿ ಭಯವಿರುತ್ತದೆ, ತನ್ನದೆಂದು ಹಾಡುವವನ ದನಿಯಲ್ಲಿ ಅದು ಇರುವುದಿಲ್ಲ. ಹಸ್ರತ್ ಮೊಹಾನಿ, ಶರೀಫ್ ಸಾಹೇಬ್, ನಿಸಾರ್ ಅಹಮದ್ ಇವರನ್ನು ಬಲ್ಲ ಮಗು ಹೆದರಿ ಹಾಡಬೇಕಾಗಿಲ್ಲ. ರಾಯಣ್ಣನ ಲಾವಣಿ, ಹುಯಿಲಗೋಳರ ಗೀತೆ, ರಾಜಾಜಿಯವರ ಪ್ರಾರ್ಥನೆ ಇವೂ ಆ ಮಗುವಿನ ಪಾಲಿನವೇ.

ಆದುದರಿಂದ ಈ ಅಂಕಣದ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ, ಅವರು ಚಿಕ್ಕಂದಿನಲ್ಲಿ ಕೇಳಿದ ಪದಗಳನ್ನು ಹೇಳಿಸಿ. ಕನ್ನಡದಲ್ಲಿರಲಿ, ದಖ್ಖನಿಯಲ್ಲಿರಲಿ, ಬ್ಯಾರಿಯಲ್ಲಿರಲಿ, ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಒಪ್ಪಲಾಗದ ಸಾಲಿದ್ದರೆ ಮಕ್ಕಳಿಗೆ ಬಿಡಿಸಿ ಹೇಳಿ. ಆದರೆ ಅವರ ಬಾಯಿ ಮುಚ್ಚಿಸಬೇಡಿ. ನಾನು ಆ ಕೆಲಸ ಮಾಡಿ ಕಳೆದುಕೊಂಡದ್ದು ಮರಳಿ ಬಂದಿಲ್ಲ.

ಈ ಸಲದ ಆಗಸ್ಟ್‌ನಲ್ಲಿ ನಮ್ಮ ಮದ್ರಸದ ಮಕ್ಕಳಿಗೆ ನಾನೇ ಒಂದು ಕೆಲಸ ಕೊಟ್ಟಿದ್ದೇನೆ. ಪ್ರತಿಯೊಬ್ಬರೂ ತಮ್ಮ ದಾದಿ ಅಥವಾ ನಾನಿಯಿಂದ ಒಂದು ಪದ ಕಲಿತು ಬರಬೇಕು. ಪ್ರಶ್ನೆ ಕೇಳಿದ ಆ ಹುಡುಗಿ ಮೊನ್ನೆ ಬಂದು, ತನ್ನ ದಾದಿಗೆ ಬೀಸುವ ಕಲ್ಲಿನ ಪದವೊಂದು ಗೊತ್ತಿದೆ, ಆದರೆ ಹಾಡಲು ನಾಚುತ್ತಾರೆ ಎಂದಳು. ಹಜರತ್ ಕೇಳಿದ್ದಾರೆ ಎಂದು ಹೇಳು ಮಗಳೇ ಎಂದು ಹೇಳಿ ಕಳುಹಿಸಿದ್ದೇನೆ.

ಅಲ್ಲಾಹನು ನಮ್ಮ ನಾಲಗೆಗಳಿಗೆ ನ್ಯಾಯವನ್ನೂ ನಮ್ಮ ಹೃದಯಗಳಿಗೆ ಸಕೀನತ್ತನ್ನೂ ದಯಪಾಲಿಸಲಿ. ನಾವಿರುವ ಈ ಊರನ್ನು ನಮಗೂ ನಮ್ಮ ನೆರೆಯವರಿಗೂ ಪ್ರಿಯವಾಗಿಸಲಿ. ಆಮೀನ್.